ಕೆಂಪು ಚುಕ್ಕೆಯ ವಾಲ್ವು

ಅವರ ಹೆಬ್ಬೆರಳಿನ ಉಗುರು ಬೆಸುಗೆ ಕಡ್ಡಿ ತಾಗಿ ತಾಗಿ ಸೀದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಅರಸೀಕೆರೆ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು ಅವರು. ಕೆಟ್ಟ ರೇಡಿಯೋ, ತುಂಡು ವೈರು, ಮುಗಿದ ಸೆಲ್ಲು, ಹೀಗೆ ಜನ ಚರಂಡಿಗೆ ಎಸೆಯುವುದನ್ನೆಲ್ಲ ಕೇಳಿ ತಂದು, ಬಿಚ್ಚಿ, ಡಬ್ಬಿಗಳಲ್ಲಿ ಬೇರೆ ಬೇರೆ ಇಡುತ್ತಿದ್ದರು. ಗುಜರಿಯವರ ಹಾಗೆ ತಾಮ್ರದ ಆಸೆಗೆ ವೈರು ಸುಡುತ್ತಿರಲಿಲ್ಲ. "ಆ ಹೊಗೆ ಕುಡ್ದು ಕೆಮ್ಮೋರು ಪೇಟೆಯೋರೇ ಅಲ್ವಾ" ಎನ್ನುತ್ತಿದ್ದರು. ಇಷ್ಟು ಒಳ್ಳೆಯವರು ಎಲ್ಲಾದರೂ ಇರುತ್ತಾರೆಯೇ? ನನಗಂತೂ ಮೊದಲಿಂದಲೂ ಅನುಮಾನ. ನಮ್ಮ ರೇಡಿಯೋದ ಒಳ್ಳೆಯ ಭಾಗ ಬಿಚ್ಚಿಕೊಂಡು ಆ ಡಬ್ಬಿಗಳ ಕಸ ತುಂಬಿ ಕೊಡುತ್ತಾರೆ ಎಂದೇ ನಂಬಿದ್ದೆ.

ನಮ್ಮ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಪಾಠ ಮಾಡಲು ಶಾಲೆಗೆ ಹೋದರೆ ಸಂಜೆವರೆಗೂ ಅವರಿಗೆ ರೇಡಿಯೋ ಒಂದೇ ಜೊತೆ. ಅದು ಕೆಟ್ಟು ಕೂತಾಗ ಇವರಿಗೆ ಕೊಡದೆ ವಿಧಿಯಿರಲಿಲ್ಲ. ಆದರೆ ನಾನೇನು ಕಮ್ಮಿಯೇ? ಹಿಂದಿನ ರಟ್ಟು ಬಿಚ್ಚಿ, ಒಳಗಿನ ಐದೂ ವಾಲ್ವುಗಳಿಗೆ, ಪುಟ್ಟ ಬಲ್ಬಿನಂಥ ಆ ಗಾಜಿನ ಬುರುಡೆಗಳಿಗೆ, ಉಗುರಿಗೆ ಹಚ್ಚುವ ಬಣ್ಣದಿಂದ ಕೆಂಪು ಚುಕ್ಕೆ ಇಟ್ಟೇ ಕೊಟ್ಟೆ.

ವಾರದ ಮೇಲೆ ರೇಡಿಯೋ ಹಾಡುತ್ತಾ ಮನೆಗೆ ಬಂತು. ಜೊತೆಗೊಂದು ಪೇಪರಿನ ಪೊಟ್ಟಣ. ಅಂಗಡಿಯ ಕಸವನ್ನೂ ನಮ್ಮ ತಲೆಗೇ ಕಟ್ಟಿದ್ದಾರೆ ಎಂದು ಅದನ್ನು ಮೂಲೆಗೆ ಎಸೆದು, ರಟ್ಟು ಬಿಚ್ಚಿ ನೋಡಿದೆ. ಚುಕ್ಕೆ ನಾಲ್ಕೇ ಇದ್ದವು.

ಸಂತೆಯ ದಿನವೇ ಅವರ ಅಂಗಡಿಗೆ ಹೋಗಿ, ತುಂಬಿದ ಬೀದಿಯಲ್ಲಿ, ಕಳ್ಳ ಎಂದುಬಿಟ್ಟೆ. ಕೊಬ್ಬರಿ ಮಾರಲು ಬಂದವರೂ ನಿಂತು ನೋಡಿದರು.

ಅವರು ಬೆಸುಗೆ ಕಡ್ಡಿ ಕೆಳಗಿಟ್ಟರು. "ಸುಟ್ಟೋಗಿದ್ದನ್ನ ಪೊಟ್ಣ ಕಟ್ಟಿ ಕೊಟ್ಟಿವ್ನಿ, ಟೀಚ್ರಮ್ಮ. ಎಲ್ರಿಗೂ ಹಂಗೇ ಕೊಡೋದು. ಬಿಚ್ಚಿ ನೋಡಿದ್ರಾ?"

ಮನೆಗೆ ಬಂದು ಬಿಚ್ಚಿದೆ. ಒಳಗೆಲ್ಲ ಕಪ್ಪಾದ ವಾಲ್ವು, ಅದರ ಮೇಲೆ ನಾನಿಟ್ಟ ಚುಕ್ಕೆ. ನಾಚಿಕೆಯಿಂದ ಅತ್ತೆಯ ಎದುರಿಗೂ ಕೂರಲಾಗಲಿಲ್ಲ.

ಮಾರನೆಯ ದಿನ ಅಂಗಡಿ ತೆರೆಯುವ ಹೊತ್ತಿಗೆ, ಸುತ್ತ ಯಾರೂ ಇಲ್ಲದ್ದು ನೋಡಿಕೊಂಡು, ತಪ್ಪಾಯಿತು ಎಂದೆ. "ಅನ್ಮಾನ ಪಡಿ, ಬ್ಯಾಡ ಅನ್ನಕಿಲ್ಲ. ಬಿಚ್ಚಿ ನೋಡಿ ಆಮೇಲೆ ಬಯ್ರಿ" ಎಂದು ನಕ್ಕರು. ಯಾರದೋ ಸತ್ತ ರೇಡಿಯೋದಿಂದ ತೆಗೆದು ಅವರು ಹಾಕಿದ್ದ ವಾಲ್ವು ಅತ್ತೆ ಇರುವವರೆಗೂ ಹಾಡಿತು.

ಕೆಲವು ವರ್ಷಗಳ ಮೇಲೆ ರೇಡಿಯೋ ರಿಪೇರಿಯವರೂ ತೀರಿಕೊಂಡರು. ಮುಚ್ಚಿದ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದವನೊಬ್ಬ ನನ್ನತ್ತ ತಿರುಗಿ ಅಂದ: "ಪಾಪ, ಒಳ್ಳೆ ಕೆಲ್ಸಗಾರ. ಕೈ ಮಾತ್ರ ಸುದ್ದ ಇರ್ಲಿಲ್ಲ. ಯಾರೋ ಟೀಚ್ರಮ್ಮನೇ ಹಿಡ್ದಿದ್ರಂತೆ."

ಕಳ್ಳ ಎಂದದ್ದು ಸಂತೆಯ ನಡುವೆ, ತಪ್ಪಾಯಿತು ಎಂದದ್ದು ಅವರೊಬ್ಬರ ಕಿವಿಗೆ. ಆ ಟೀಚರು ನಾನೇ, ಅವರು ಕದ್ದಿರಲಿಲ್ಲ ಎಂದು ಹೇಳತೊಡಗಿದೆ. ಅಷ್ಟರಲ್ಲಿ ಬಾಣಾವರದ ಬಸ್ಸು ಬಂತು, ಆ ಮನುಷ್ಯ ಹತ್ತಿಕೊಂಡು ಹೋದ.