ಹೊಗೆ ಹಿಡಿದ ಬೋರ್ಡು

ನಾನು ಓದಿದ ಹೈಸ್ಕೂಲಿನಲ್ಲೇ ಈಗ ಟೀಚರು. ಇವತ್ತು ಪಾಠ ಮಾಡುವಾಗ ಕಿಟಕಿಯಿಂದ ಬೆಲ್ಲದ ಪಾಕದ ವಾಸನೆ ಬಂತು. ಕೈಲಿದ್ದ ಪೆನ್ನು ವೈಟ್‌ಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟಿತು.

ದುದ್ದದ ಹತ್ತಿರದ ನಮ್ಮೂರಿಗೆ ಹೈಸ್ಕೂಲು ಬಂದಾಗ ಅದಕ್ಕೆ ಕಟ್ಟಡವೇ ಇರಲಿಲ್ಲ. ಬೆಲ್ಲ ಕಾಯಿಸುವ ನಮ್ಮ ಆಲೆಮನೆಯನ್ನೇ ಅಪ್ಪ ಬಿಟ್ಟುಕೊಟ್ಟರು. ಒಲೆಯ ಹೊಗೆಗೆ ಕರ್ರಗಾಗಿದ್ದ ಗೋಡೆಯೇ ನಮಗೆ ಬೋರ್ಡು. ಕಬ್ಬು ಕಡಿಯುವ ಕಾಲ ಬಂದಾಗ ಅವ್ವನಿಗೆ ಚಿಂತೆ ಹತ್ತಿತು.

"ಇಸ್ಕೂಲ್ನ ಬ್ಯಾರೆ ಕಡೀಕೆ ಕಳ್ಸಿ. ಬಯಲಲ್ಲಿ ಒಲೆ ಹೂಡುದ್ರೆ, ಮಳೆ ಬಂದ್ರೆ ಪಾಕವೆಲ್ಲ ನೀರಾಯ್ತದೆ."

"ಬೆಲ್ಲ ಕೆಟ್ರೆ ಮುಂದಿನ್ ವರ್ಸ ಕಾಯ್ಸಾನ ಬುಡು," ಅಂದರು ಅಪ್ಪ. "ಈ ಎಣ್ಮಕ್ಳು ಒಂದ್ಸಲ ಇಸ್ಕೂಲ್ ಬುಟ್ರೆ ಮತ್ ಬಂದಾರಾ?"

ಹೊಂಗೆ ಮರದಡಿ ಹೊಸ ಒಲೆ ತೋಡಿದರು. ನಾವು ಒಳಗೆ ಲೆಕ್ಕ ಮಾಡುತ್ತಿದ್ದರೆ ಹೊರಗೆ ಕೊಪ್ಪರಿಗೆ ಕುದಿಯುತ್ತಿತ್ತು. ಮೇಷ್ಟ್ರೂ ಆಗಾಗ ಅತ್ತ ಕಣ್ಣು ಹಾಯಿಸುತ್ತಿದ್ದರು. ಒರೆಸಿ ಒರೆಸಿ ಗೋಡೆಯ ಮಸಿ ಮಾಸಿದಾಗ, ಅಪ್ಪ ರಜೆಯ ದಿನ ಒಳಗಿನ ಹಳೇ ಒಲೆಗೆ ಕಬ್ಬಿನ ಸಿಪ್ಪೆ ತುಂಬಿ, ಬಾಗಿಲು ಮುಚ್ಚಿ ಉರಿ ಹಾಕುತ್ತಿದ್ದರು. ಪಾಕವಿಲ್ಲ, ಬೆಲ್ಲವಿಲ್ಲ, ಬರೀ ಹೊಗೆ. ಕೆಂಪು ಕಣ್ಣು ಉಜ್ಜಿಕೊಂಡು ಹೊರಗೆ ಬಂದು, "ನಾಳೀಕೆ ಬರೀರವ್ವ, ಬೋರ್ಡು ಕರ್ರಗಾಯ್ತು" ಅನ್ನುತ್ತಿದ್ದರು.

"ಮಿಸ್, ಹೊಗೆ ಬತ್ತಾ ಅದೆ, ಕಿಟ್ಕಿ ಮುಚ್ಲಾ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಬುಡವ್ವ, ತೆಗ್ದೇ ಇರ್ಲಿ," ಅಂದೆ.

ಮಿಸ್ ಬಾಯಲ್ಲಿ ಮನೆಯ ಮಾತು ಕೇಳಿ ತರಗತಿಯೆಲ್ಲ ನಕ್ಕಿತು. ನಾನು ಬೋರ್ಡಿನ ಕಡೆ ತಿರುಗಿ ಕಣ್ಣುಜ್ಜಿಕೊಂಡೆ. ಹೊಗೆ ಅಂದುಕೊಂಡಿರಬೇಕು ಮಕ್ಕಳು.