ಮೂರು ಸಲ ಬಂದ ಸಾಲು

ದೆವ್ವ, ಶಕುನ, ಸತ್ತವರ ಸಂದೇಶ ಎಂದು ಯಾರಾದರೂ ಶುರುಮಾಡಿದರೆ ನಕ್ಕು ಕಾಲೆಳೆಯುತ್ತಿದ್ದವನು ನಾನು. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಎರಡನೆಯ ಸಲ ಮಾಡಿ ತೋರಿಸಲಾಗದ ದೋಷವನ್ನು ನಾನು ದೋಷವೆಂದೇ ಒಪ್ಪುವುದಿಲ್ಲ. ಅಂಥವನು ಹೇಳುತ್ತಿದ್ದೇನೆ, ಕೇಳಿ.

ಎಪ್ಪತ್ತರ ದಶಕದ ಒಂದು ಸಾಫ್ಟ್ ರಾಕ್ ತಂಡದ ಆಲ್ಬಂ ಎಂದರೆ ನಮ್ಮಣ್ಣನಿಗೆ ಪ್ರಾಣ. ಆಗ ಮೈಸೂರಿನಲ್ಲಿ ಎಲ್‌ಪಿ ರೆಕಾರ್ಡಿನಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದವು. ಅಣ್ಣ ತುಂಬಿಸಿಕೊಂಡು ಬಂದ ಕ್ಯಾಸೆಟ್ಟಿನಲ್ಲಿ ಎರಡನೆಯ ಹಾಡಿನ ಒಂದು ಸಾಲು ಮೂರು ಸಲ ಬರುತ್ತಿತ್ತು. ಅಂಗಡಿಯವನ ಎಲ್‌ಪಿಯಲ್ಲಿ ಗೀರು ಬಿದ್ದು ಮುಳ್ಳು ಸಿಕ್ಕಿಕೊಂಡಿತ್ತು, ಅಷ್ಟೆ. ನಾವೋ, ಹಾಡೇ ಹಾಗೆಂದು ತಿಳಿದಿದ್ದೆವು! ಸ್ನಾನ ಮಾಡುವಾಗಲೂ, ಅತ್ತಿಗೆಯ ಮುನಿಸು ಇಳಿಸುವಾಗಲೂ ಅಣ್ಣ ಆ ಸಾಲನ್ನು ನಿಯತ್ತಾಗಿ ಮೂರು ಸಲ ಹಾಡುತ್ತಿದ್ದ.

ಕೋವಿಡ್‌ನ ಎರಡನೆಯ ಅಲೆಯಲ್ಲಿ ಅಣ್ಣ ತೀರಿಕೊಂಡ. ಊರಿಗೆ ಹೋದರೆ ವೀಸಾ ಸ್ಟ್ಯಾಂಪಿಂಗ್ ಆಗದೆ ಅಲ್ಲೇ ಸಿಕ್ಕಿಬೀಳುತ್ತೇನೆಂದು ಹೆದರಿ ನಾನು ಅಮೆರಿಕದ ಕ್ಯಾರಿಯಲ್ಲೇ ಉಳಿದೆ. ಅತ್ತಿಗೆ ಒಂದು ಮಾತೂ ಅನ್ನಲಿಲ್ಲ. ಫೋನ್ ಮಾಡಿದರೆ “ಊಟ ಆಯ್ತಾ?” ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಅವರು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುವರ್ಷ ನಮ್ಮ ಬೀದಿಯಲ್ಲಿ ಹಳೇ ಸಾಮಾನು ಮಾರುವ ಗರಾಜ್ ಸೇಲಿನಲ್ಲಿ ಅದೇ ಆಲ್ಬಂನ ಎಲ್‌ಪಿ ಸಿಕ್ಕಿತು, ಜೊತೆಗೊಂದು ಟರ್ನ್‌ಟೇಬಲ್. ಶನಿವಾರ ಬೆಳಗ್ಗೆ ಹಾಕಿದೆ. ಎರಡನೆಯ ಹಾಡು ಎಲ್ಲೂ ನಿಲ್ಲದೆ ಸಾಗಿತು. ಆ ಸಾಲು ಒಂದೇ ಸಲ ಬಂತು. ಯಾರದೋ ಹಾಡು ಕೇಳಿದಂತಾಯಿತು. ಆದರೂ ಅತ್ತಿಗೆಗೆ ವಿಡಿಯೊ ಕಾಲ್ ಮಾಡಿ, ಅದನ್ನೇ ಮತ್ತೆ ಹಾಕಿದೆ.

ಆ ಸಾಲು ಬಂತು. ಇನ್ನೊಮ್ಮೆ ಬಂತು. ಮೂರನೆಯ ಸಲವೂ ಬಂದು, ಹಾಡು ತನ್ನ ಪಾಡಿಗೆ ಮುಂದೆ ಹೋಯಿತು.

ನೆಟ್‌ವರ್ಕ್ ತೊಂದರೆ ಎನ್ನುತ್ತೀರಿ. ನಾನು ಕೇಳಿದ್ದು ಫೋನಿನಲ್ಲಲ್ಲ, ನನ್ನ ಮನೆಯ ಹಾಲ್‌ನಲ್ಲಿ. ಅಡುಗೆಮನೆಯಲ್ಲಿದ್ದ ಮಗಳೂ “ಅಪ್ಪಾ, ಇಟ್ಸ್ ಸ್ಟಕ್!” ಎಂದು ಕೂಗಿದಳು.

ಅತ್ತಿಗೆ ಗಳಗಳನೆ ಅತ್ತರು. ನಾನೂ ಅತ್ತೆ.

“ಬರಬೇಕಿತ್ತು ಅತ್ತಿಗೆ, ತಪ್ಪಾಯ್ತು,” ಎಂದೆ.

“ನೀನು ಬರ್ಲಿಲ್ಲ ಅಂತ ನಂಗೆ ತುಂಬಾ ಕೋಪ ಇತ್ತು ಕಣೋ,” ಎಂದರು. ಆ ಮಾತು ಅವರ ಬಾಯಿಂದ ಬರಲು ಒಂದು ವರ್ಷ ಹಿಡಿದಿತ್ತು. ಆಮೇಲೆ ಕಣ್ಣೊರೆಸಿಕೊಂಡು, “ಇನ್ನೊಂದ್ ಸಲ ಹಾಕು,” ಎಂದರು.

ಹಾಕಿದೆ. ಒಂದೇ ಸಲ ಬಂತು. ಅಂದಿನಿಂದ ಲೆಕ್ಕವಿಲ್ಲದಷ್ಟು ಸಲ ಹಾಕಿದ್ದೇನೆ, ಟಾರ್ಚ್ ಹಿಡಿದು ಗೀರು ಹುಡುಕಿದ್ದೇನೆ. ಒಂದು ಗೆರೆಯೂ ಇಲ್ಲ. ನನ್ನದೇ ನಿಯಮದ ಪ್ರಕಾರ ಅದು ನಡೆದೇ ಇಲ್ಲ. ಆದರೆ ಅತ್ತಿಗೆ ಈಗ ಪ್ರತಿ ಶನಿವಾರ ತಾವಾಗಿಯೇ ಫೋನ್ ಮಾಡಿ, ಒಂದು ಗಂಟೆ ನನ್ನನ್ನು ಬೈಯುತ್ತಾರೆ.