ಪಾಯಿಂಟ್ ಏಳು ಎಂಎಂ ಸುಳ್ಳು

ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಇತ್ತು. ಸುತ್ತಿ ಬಳಸಿ ಹೇಳುದು ಎಂತಕ್ಕೆ? ಇತ್ತು, ಧಾರಾಳ ಇತ್ತು.

ಅವನದು ದರ್ಬೆಯಲ್ಲಿ ಬಟ್ಟೆ ಅಂಗಡಿ, ಅದರ ಹಿಂದಿನ ಓಣಿಯಲ್ಲಿ ನನ್ನದು ಲೇತ್ ವರ್ಕ್‌ಶಾಪ್. ಶಾಲೆಯಿಂದಲೂ ದೋಸ್ತಿ. ನಲವತ್ತು ದಾಟಿದ ಮೇಲೆ ಇಬ್ಬರಿಗೂ ಡಾಕ್ಟರು ಮೈ ಇಳಿಸಿ ಅಂದರು, ಇಬ್ಬರೂ ಒಂದೇ ದಿನ ಗೇರ್ ಸೈಕಲ್ ತಂದೆವು. ಆದಿತ್ಯವಾರ ಬೆಳಿಗ್ಗೆ ಉಪ್ಪಿನಂಗಡಿಯವರೆಗೆ ತುಳಿದು, ಅಲ್ಲಿ ಗೋಳಿಬಜೆ ತಿಂದು ವಾಪಸ್ ಬರುದು. ಮೈ ಇಳಿಯಲಿಲ್ಲ, ಆ ಮಾತು ಬೇರೆ.

ಆರು ತಿಂಗಳಲ್ಲಿ ಅವನಿಗೊಂದು ಚಟ ಹತ್ತಿತು. ಹೊರದೇಶದ ಅಂಗಡಿಗಳ ವೆಬ್‌ಸೈಟಿನಲ್ಲಿ ಹಳೆ ಸ್ಟಾಕು ಅರ್ಧ ರೇಟಿಗೆ ಬರುವವರೆಗೆ ಕಾಯುದು, ಪಾರ್ಸೆಲನ್ನು ದುಬೈಯಲ್ಲಿರುವ ಭಾವನ ರೂಮಿಗೆ ಹಾಕಿಸುದು, ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಖರ್ಜೂರದ ಜೊತೆ ತರಿಸುದು. ಇಟಲಿಯ ಹ್ಯಾಂಡಲ್, ಜಪಾನಿನ ಗೇರು, ಜರ್ಮನಿಯ ಟಯರು. ನನಗೂ ಒಬ್ಬ ಭಾವ ಇದ್ದಾನೆ, ಕಾಣಿಯೂರಿನಲ್ಲಿ. ಅಲ್ಲಿಂದ ಬರುದು ಹಲಸಿನ ಹಪ್ಪಳ. ಒಮ್ಮೆ ನಾನೇ ನೇರ ತರಿಸಿ ನೋಡಿದೆ. ಡಿಸ್ಕೌಂಟಿನಲ್ಲಿ ಉಳಿದದ್ದೆಲ್ಲ ಸುಂಕಕ್ಕೆ ಹೋಯಿತು.

ಏರು ಬಂದರೆ ಅವನು ಮುಂದೆ, ನಾನು ಹಿಂದೆ. ಮೇಲೆ ನಿಂತುಕೊಂಡು, "ಎಂತ ಮಾರಾಯ, ಬ್ರೇಕ್ ಹಿಡ್ಕೊಂಡು ತುಳೀತೀಯಾ?" ಅಂತ ನಗುತ್ತಿದ್ದ. ನಾನೂ ಹಲ್ಲು ಕಿರಿಯುತ್ತಿದ್ದೆ. ಒಳಗೆ ಭಗಭಗ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಸೈಕಲ್ ತಳ್ಳಿಕೊಂಡು ವರ್ಕ್‌ಶಾಪಿಗೆ ಬಂದ. ಸೀಟಿನ ಕೆಳಗಿನ ಕಂಬ, ಕಾರ್ಬನ್ನಿನದು, ಎಲ್ಲೋ ಇಂಗ್ಲೆಂಡಿನ ಅಂಗಡಿಯಲ್ಲಿ ಭಾರೀ ಕಡಿಮೆಗೆ ಉಂಟಂತೆ. "ಕಂಬ ಕೂರುವ ಈ ಪೈಪಿನ ಒಳಗಿನ ಅಳತೆ ಹೇಳು, ಈಗಲೇ ಆರ್ಡರ್ ಹಾಕ್ತೇನೆ" ಅಂದ.

ಸುಳ್ಯ, ಕಡಬದ ತೋಟದವರು ಮದ್ದು ಬಿಡುವ ಪಂಪಿನ ಪಿಸ್ಟನ್ ಹಿಡಿದುಕೊಂಡು ನನ್ನಲ್ಲಿಗೇ ಬರುದು ಅಳತೆಗಾಗಿ. ನಾನು ಹೇಳಿದ ನಂಬರನ್ನು ಯಾರೂ ಎರಡನೇ ಸಲ ನೋಡಿದವರಲ್ಲ. ಅವನೂ ನೋಡಲಿಲ್ಲ, ಕಣ್ಣು ಮೊಬೈಲಿನಲ್ಲೇ ಇತ್ತು. ವರ್ನಿಯರ್ ಇಟ್ಟೆ. ಮೂವತ್ತು ಪಾಯಿಂಟ್ ಒಂಬತ್ತು. ಬಾಯಿಂದ ಬಂದದ್ದು, "ಮೂವತ್ತೊಂದು ಪಾಯಿಂಟ್ ಆರು."

ಅವನು ಅಲ್ಲೇ ನಿಂತು ಆರ್ಡರ್ ಒತ್ತಿದ. ಒಂದು ಗಳಿಗೆ, ನಿಜ ಹೇಳಿಬಿಡುವ ಅಂತ ಕಂಡಿತು. ಹಾಳಾಗಿ ಹೋಗಲಿ, ಒಮ್ಮೆಯಾದರೂ ಇವನಿಗೆ ಬುದ್ಧಿ ಬರಲಿ ಅಂತ ಸುಮ್ಮನಾದೆ.

ಒಂದೂವರೆ ತಿಂಗಳಿಗೆ ಕಂಬ ಬಂತು. ಪೈಪಿನೊಳಗೆ ಹೋಗಲಿಲ್ಲ. "ಸ್ವಲ್ಪ ಲೇತಿಗೆ ಹಾಕಿ ಕೆರೆದು ತೆಗೀಲಿಕ್ಕೆ ಆಗುದಿಲ್ವಾ?" ಅಂತ ಕೇಳಿದ. ಕಬ್ಬಿಣವಾದರೆ ತೆಗೆಯಬಹುದಿತ್ತು, ಕಾರ್ಬನ್ ತೆಗೆದರೆ ತುಳಿಯುವಾಗ ಮುರಿದೀತು ಅಂದೆ. ಖುಷಿಯಾಗಿತ್ತು ನನಗೆ, ಸುಳ್ಳು ಹೇಳುದಿಲ್ಲ. ಆದರೆ ಅವನ ಸಿಟ್ಟು ನನ್ನ ಕಡೆ ತಿರುಗಲೇ ಇಲ್ಲ. "ಆ ಅಂಗಡಿಯವ ಕಳ್ಳ! ಮೇಲೆ ಒಂದು ಸೈಜು ಅಚ್ಚು ಹಾಕಿ ಬೇರೆಯದ್ದು ಕಳಿಸಿದ್ದಾನೆ. ನೀನು ಅಳೆದದ್ದು ತಪ್ಪುದುಂಟಾ?" ಅಂದವನೇ ನನ್ನ ಸ್ಟೂಲಿನಲ್ಲಿ ಕೂತು ಉದ್ದಕ್ಕೆ ದೂರು ಬರೆದ.

ಎರಡು ದಿನ ಬಿಟ್ಟು ಉತ್ತರ ಬಂತು. ಕಂಬವನ್ನೂ ಪೈಪನ್ನೂ ಅಳೆಯುವ ಫೋಟೊ ಕಳಿಸಿ, ತಪ್ಪು ನಮ್ಮದಾದರೆ ಬೇರೆ ಕಳಿಸುತ್ತೇವೆ ಅಂತ. ನಾನು ವರ್ನಿಯರ್ ಹಿಡಿಯುದು, ಅವನು ಫೋಟೊ ಹೊಡಿಯುದು. ತಪ್ಪಿಸಿಕೊಳ್ಳಲಿಕ್ಕೆ ದಾರಿ ಇರಲಿಲ್ಲ. ಕಂಬ ಅಚ್ಚು ಹಾಕಿದಷ್ಟೇ, ಮೂವತ್ತೊಂದು ಪಾಯಿಂಟ್ ಆರು. ಪೈಪಿಗೆ ಇಟ್ಟೆ. ಅವನು ಮೊಬೈಲ್ ಹತ್ತಿರ ತಂದ, ನಂಬರು ನೋಡಿದ, ಫೋಟೊ ಹೊಡೆಯಲಿಲ್ಲ.

ಮೊಬೈಲನ್ನು ಕಿಸೆಗೆ ಹಾಕಿಕೊಂಡು, "ಅವತ್ತು ಕರೆಂಟ್ ಇರಲಿಲ್ಲ ಅಲ್ವಾ? ಸರಿ ಕಂಡಿರಲಿಕ್ಕಿಲ್ಲ ನಿಂಗೆ" ಅಂದ.

ಕರೆಂಟ್ ಇತ್ತು. ಅವತ್ತು ಅವನು ಮಾತಾಡಿದ್ದೇ ಓಡುತ್ತಿದ್ದ ಲೇತಿನ ಸದ್ದಿಗಿಂತ ಗಟ್ಟಿಯಾಗಿ. ನಮ್ಮಿಬ್ಬರಿಗೂ ಅದು ಗೊತ್ತು.

"ಹೌದು, ಇರಲಿಲ್ಲ" ಅಂದೆ.

ಅವನು ಜಗಳ ಮಾಡಲಿಲ್ಲ. ಆದಿತ್ಯವಾರ ಈಗಲೂ ಒಟ್ಟಿಗೇ ಹೋಗುದು, ಗೋಳಿಬಜೆಗೆ ನನ್ನ ಕೈಯಿಂದ ದುಡ್ಡು ಕೊಡಲಿಕ್ಕೂ ಬಿಡುದಿಲ್ಲ. ಆದರೆ ಹೊಸ ಪಾರ್ಟು ತರಿಸುದಿದ್ದರೆ ಸೈಕಲನ್ನು ಕಾರಿಗೆ ಕಟ್ಟಿ ಕಡಬಕ್ಕೆ ಒಯ್ಯುತ್ತಾನೆ. ಅಲ್ಲೊಬ್ಬ ಹೊಸ ಲೇತಿನವ ಇದ್ದಾನಂತೆ, ಅಳತೆ ಪಕ್ಕಾ ಅಂತೆ. ಆ ಮನುಷ್ಯನ ಮುಖ ನಾನು ನೋಡಿದವನಲ್ಲ. ಆದರೂ ಆ ಲೇತಿನವನ ಸುದ್ದಿ ಬಂದ ದಿನ ನನಗೆ ಅನ್ನ ಇಳಿಯುದಿಲ್ಲ.